ಅಂಚು ಕಾಣದಂತೆ ಬೆಸೆಯುವ ಕೆಲಸ

ಮೈಸೂರು ಸೀಮೆಯ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಮಾವುತನ ಮಗ ಸಾಬು ‘ಎಲಿಫೆಂಟ್ ಬಾಯ್’ ಚಿತ್ರದಿಂದ ಜಗತ್ತಿಗೇ ಪರಿಚಿತನಾದ ಕತೆ ಹಳೆಯ ತಲೆಮಾರಿನ ಸಿನಿಮಾಪ್ರಿಯರಿಗೆ ಗೊತ್ತು. ಅದೇ ಸಾಬು 1940ರಲ್ಲಿ ತೆರೆಕಂಡ ‘ದಿ ಥೀಫ್ ಆಫ್ ಬಾಗ್ದಾದ್’ ಚಿತ್ರದಲ್ಲಿ ಕಡಲ ತೀರದಲ್ಲಿ ಸಿಕ್ಕಿದ ಸೀಸೆಯೊಂದರ ಬಿರಡೆ ತೆಗೆಯುತ್ತಾನೆ. ಹೊಗೆಯೊಡನೆ ಮುಗಿಲೆತ್ತರದ ಭೂತವೊಂದು ಎದ್ದು ನಿಲ್ಲುತ್ತದೆ. ಅದರ ಮುಂದೆ ಹುಡುಗ ಇರುವೆಯಷ್ಟು. ಭೂತದ ಪಾತ್ರ ಮಾಡಿದ ರೆಕ್ಸ್ ಇಂಗ್ರಾಮ್ ನಮ್ಮ ನಿಮ್ಮಂತೆ ಮನುಷ್ಯಮಾತ್ರದವನೇ. ಅವರಿಬ್ಬರನ್ನೂ ಬೇರೆ ಬೇರೆಯಾಗಿ ಚಿತ್ರೀಕರಿಸಿ ಒಂದೇ ಚೌಕಟ್ಟಿನೊಳಗೆ ಕೂಡಿಸಲಾಗಿತ್ತು.

ಹೀಗೆ ಕೂಡಿಸಲು ಲಾರಿ ಬಟ್ಲರ್ ಎಂಬ ತಂತ್ರಜ್ಞ ಬಳಸಿದ ಉಪಾಯ ನೀಲಿ ಪರದೆಯದು. ನಟನನ್ನು ನೀಲಿ ಹಿನ್ನೆಲೆಯ ಮುಂದೆ ನಿಲ್ಲಿಸಿ ಚಿತ್ರ ತೆಗೆಯುವುದು, ಆಮೇಲೆ ಪ್ರಯೋಗಶಾಲೆಯಲ್ಲಿ ನೀಲಿಯನ್ನು ಮಾತ್ರ ಬೇರ್ಪಡಿಸಿ ಆ ಜಾಗಕ್ಕೆ ಬೇರೊಂದು ದೃಶ್ಯವನ್ನು ತುಂಬುವುದು. ಸ್ಪೆಷಲ್ ಎಫೆಕ್ಟ್ಸ್ ವಿಭಾಗದ ಆಸ್ಕರ್ ಪ್ರಶಸ್ತಿ ಆ ಚಿತ್ರಕ್ಕೆ ಬಂತು. ಆದರೆ ಇಂದು ಆ ಚಿತ್ರವನ್ನು ಗಮನವಿಟ್ಟು ನೋಡಿದವರಿಗೆ ಕೆಲವು ಕಡೆ ಆಕೃತಿಗಳ ಸುತ್ತ ತೆಳುವಾದ ಗೆರೆ ಕಾಣಿಸುತ್ತದೆ. ಕತ್ತರಿಸಿ ಅಂಟಿಸಿದ್ದು ಗೊತ್ತಾಗುತ್ತದೆ. ಕಾಂಪೋಸಿಟಿಂಗ್ ಎಂಬ ಕಸುಬಿನ ನಂತರದ ಎಂಬತ್ತು ವರ್ಷಗಳ ಚರಿತ್ರೆ ಬಹುಮಟ್ಟಿಗೆ ಆ ಗೆರೆಯನ್ನು ಅಳಿಸುವ ಪ್ರಯತ್ನದ್ದೇ ಆಗಿದೆ.

ಕನ್ನಡದ ಪ್ರೇಕ್ಷಕರಿಗೂ ಈ ಇಂದ್ರಜಾಲ ಹೊಸದಲ್ಲ. 1977ರ ‘ಬಬ್ರುವಾಹನ’ದಲ್ಲಿ ಅರ್ಜುನನೂ ರಾಜಕುಮಾರರೇ, ಅವನಿಗೆ ಎದುರಾಗುವ ಮಗನೂ ರಾಜಕುಮಾರರೇ. ಫಿಲ್ಮ್ ಕಾಲದಲ್ಲಿ ದ್ವಿಪಾತ್ರಗಳನ್ನು ತೋರಿಸುವ ಸಾಮಾನ್ಯ ವಿಧಾನವೆಂದರೆ ಲೆನ್ಸಿನ ಅರ್ಧ ಭಾಗವನ್ನು ಕಪ್ಪಾಗಿ ಮುಚ್ಚಿ ಚಿತ್ರ ತೆಗೆಯುವುದು, ಫಿಲ್ಮನ್ನು ಹಿಂದಕ್ಕೆ ಸುತ್ತಿ, ಮುಚ್ಚಿದ ಭಾಗವನ್ನು ತೆರೆದು, ತೆರೆದಿದ್ದನ್ನು ಮುಚ್ಚಿ ಮತ್ತೊಮ್ಮೆ ತೆಗೆಯುವುದು. ಕ್ಯಾಮೆರಾ ಕೂದಲೆಳೆಯಷ್ಟು ಅಲುಗಿದರೂ ಎರಡು ಸಲದ ಶ್ರಮವೂ ಹಾಳು. 2016ರಲ್ಲಿ ಬಂದ ‘ನಾಗರಹಾವು’ ಚಿತ್ರದಲ್ಲಿ 2009ರಲ್ಲಿ ತೀರಿಕೊಂಡ ವಿಷ್ಣುವರ್ಧನ್ ಅವರ ಮುಖವನ್ನು ಕಂಪ್ಯೂಟರಿನಲ್ಲಿ ಮರುಸೃಷ್ಟಿಸಿ ತೆರೆಗೆ ತಂದರು. ‘ಕೆಜಿಎಫ್’ ಮೊದಲ ಭಾಗಕ್ಕೆ 66ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಸ್ಪೆಷಲ್ ಎಫೆಕ್ಟ್ಸ್ ಗೌರವ ದೊರೆಯಿತು. ಇಂಥ ಸುದ್ದಿಗಳ ಬೆನ್ನಿಗೇ ಬೀದಿ ಬೀದಿಯಲ್ಲಿ ತರಬೇತಿ ಕೇಂದ್ರಗಳ ಫಲಕಗಳು ಎದ್ದವು. ‘ನಮ್ಮ ಹುಡುಗ ಕಂಪ್ಯೂಟರಿನಲ್ಲಿ ಚೆನ್ನಾಗಿ ಚಿತ್ರ ಬಿಡಿಸುತ್ತಾನೆ, ಪಿಯುಸಿ ಆದ ಮೇಲೆ ಇದಕ್ಕೆ ಸೇರಿಸಬಹುದೇ?’ ಎನ್ನುವುದು ಈಗ ಹೆತ್ತವರ ನಿತ್ಯದ ಪ್ರಶ್ನೆ.

ಸೇರಿಸಬಹುದು. ಆದರೆ ಯಾವುದನ್ನು ಕಲಿಯಲು ಹಣ ಕೊಡುತ್ತಿದ್ದೇವೆ ಎಂಬುದು ಮೊದಲು ಸ್ಪಷ್ಟವಾಗಬೇಕು.

ಕಾಂಪೋಸಿಟರ್ ಚಿತ್ರ ಬಿಡಿಸುವವನಲ್ಲ. ಹುಲಿಯನ್ನು ಒಬ್ಬರು ಕಂಪ್ಯೂಟರಿನಲ್ಲಿ ರೂಪಿಸಿರುತ್ತಾರೆ, ಇನ್ನೊಬ್ಬರು ಅದಕ್ಕೆ ಚಲನೆ ಕೊಟ್ಟಿರುತ್ತಾರೆ, ಮತ್ತೊಬ್ಬರು ಬೆಳಕು ಹಾಕಿರುತ್ತಾರೆ. ನಟನ ಚಿತ್ರ ಸ್ಟುಡಿಯೊದಿಂದ ಬರುತ್ತದೆ, ಕಾಡಿನದು ಕಾಡಿನಿಂದ, ಆಕಾಶ ಬೇರಾವುದೋ ಊರಿನಿಂದ. ಇವೆಲ್ಲವೂ ಒಂದೇ ಹೊತ್ತಿನಲ್ಲಿ, ಒಂದೇ ಜಾಗದಲ್ಲಿ, ಒಂದೇ ಕ್ಯಾಮೆರಾದ ಮುಂದೆ ನಡೆದವು ಎಂದು ಪ್ರೇಕ್ಷಕ ನಂಬುವಂತೆ ಬೆಸೆಯುವುದು ಕಾಂಪೋಸಿಟರನ ಕೆಲಸ. ಎಲ್ಲರ ದುಡಿಮೆಯೂ ಕೊನೆಗೆ ಬಂದು ಸೇರುವುದು ಅವನ ಮೇಜಿಗೆ. ಎಲ್ಲರೂ ಮಾಡಿದ ತಡವೂ ಅಲ್ಲಿಗೇ ಬಂದು ಸೇರುತ್ತದೆ. ಬಿಡುಗಡೆಯ ಮುಂಚಿನ ವಾರಗಳಲ್ಲಿ ರಾತ್ರಿಯೆಲ್ಲ ದೀಪ ಉರಿಯುವುದು ಹೆಚ್ಚಾಗಿ ಈ ವಿಭಾಗದಲ್ಲೇ. ಮಗಳನ್ನೋ ಮಗನನ್ನೋ ಈ ಕ್ಷೇತ್ರಕ್ಕೆ ಕಳಿಸುವವರಿಗೆ ಇದು ಮೊದಲೇ ತಿಳಿದಿರಲಿ.

ತರಬೇತಿ ಕೇಂದ್ರಗಳ ಜಾಹೀರಾತುಗಳಲ್ಲಿ ದಪ್ಪಕ್ಷರದಲ್ಲಿ ಇರುವುದು ತಂತ್ರಾಂಶಗಳ ಹೆಸರು. ಇದಕ್ಕೆ ಎದುರಾಗಿ ಒಂದು ಚರಿತ್ರೆಯನ್ನು ನೆನಪಿಡುವುದು ಒಳ್ಳೆಯದು. ಇಪ್ಪತ್ತು ವರ್ಷಗಳ ಹಿಂದೆ ಈ ಕಸುಬಿನ ದೊಡ್ಡ ಹೆಸರು ‘ಶೇಕ್’. ದೊಡ್ಡ ದೊಡ್ಡ ಹಾಲಿವುಡ್ ಚಿತ್ರಗಳು ಅದರಲ್ಲೇ ತಯಾರಾದವು. 2002ರಲ್ಲಿ ಆಪಲ್ ಕಂಪೆನಿ ಅದನ್ನು ಕೊಂಡಿತು, 2009ರಲ್ಲಿ ನಿಲ್ಲಿಸಿಯೇಬಿಟ್ಟಿತು. ಶೇಕ್‌ನ ಗುಂಡಿಗಳನ್ನಷ್ಟೇ ಬಾಯಿಪಾಠ ಮಾಡಿದ್ದವರು ಕಂಗಾಲಾದರು. ಬೆಳಕು, ಅಂಚು, ಬಣ್ಣಗಳ ತತ್ವ ಗೊತ್ತಿದ್ದವರು ‘ನ್ಯೂಕ್’ ತೆರೆದು ಕೆಲವು ವಾರಗಳಲ್ಲಿ ಮತ್ತೆ ಕೆಲಸ ಹಿಡಿದರು. ನ್ಯೂಕ್ ಕೂಡ ಹೊಸದೇನಲ್ಲ, 1993ರಲ್ಲಿ ಡಿಜಿಟಲ್ ಡೊಮೇನ್ ಎಂಬ ಸ್ಟುಡಿಯೊ ತನ್ನ ಸ್ವಂತ ಉಪಯೋಗಕ್ಕೆಂದು ಬರೆಸಿಕೊಂಡದ್ದು. 2007ರಿಂದ ಲಂಡನ್ನಿನ ಫೌಂಡ್ರಿ ಕಂಪೆನಿಯ ಕೈಯಲ್ಲಿದೆ. ಇಂದು ಸಿನಿಮಾ ಸ್ಟುಡಿಯೊಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಇದೇ. ನಾಳೆ ಬೇರೆಯದು ಬರಬಹುದು.

ಕಣ್ಣಿಗೆ ಮೊದಲ ಪಾಠ

ಹಾಗಾದರೆ ಬದಲಾಗದೆ ಉಳಿಯುವುದು ಯಾವುದು? ಬೆಳಕು ವಸ್ತುಗಳ ಮೇಲೆ ಬೀಳುವ ರೀತಿ. ಇದನ್ನು ಕಲಿಯಲು ಕಂಪ್ಯೂಟರೂ ಬೇಡ, ಶುಲ್ಕವೂ ಬೇಡ.

ಚಿಕ್ಕಮಗಳೂರಿನ ಕಡೆಯ ವಿದ್ಯಾರ್ಥಿಯಾದರೆ ಬೆಳಿಗ್ಗೆ ಎದ್ದು ಬೆಟ್ಟದ ಸಾಲುಗಳನ್ನು ನೋಡಲಿ. ಹತ್ತಿರದ ಗುಡ್ಡದ ಮೇಲಿನ ಮರದ ನೆರಳು ಕಡುಗಪ್ಪು. ಅದರ ಹಿಂದಿನ ಸಾಲಿನಲ್ಲಿ ಅದೇ ಬಗೆಯ ಮರದ ನೆರಳು ಬೂದು. ಅದರಾಚೆಗಿನದು ಬೂದು ಬೆರೆತ ನೀಲಿ. ಕೊನೆಯ ಸಾಲು ಆಕಾಶದ ಬಣ್ಣಕ್ಕಿಂತ ತುಸುವೇ ಗಾಢ. ದೂರ ಹೆಚ್ಚಿದಷ್ಟೂ ನಡುವಿನ ಗಾಳಿಯಲ್ಲಿ ಚೆದುರಿದ ಬೆಳಕು ಕಪ್ಪಿನ ಮೇಲೆ ಬಂದು ಕೂರುವುದೇ ಇದಕ್ಕೆ ಕಾರಣ. ದೂರದ ವಸ್ತುವಿನಲ್ಲಿ ಅಪ್ಪಟ ಕಪ್ಪು ಇರುವುದಿಲ್ಲ. ಹೊಸಬರು ಮಾಡುವ ತಪ್ಪುಗಳಲ್ಲಿ ಹತ್ತಕ್ಕೆ ಐದು ಇಲ್ಲೇ ಹುಟ್ಟುತ್ತವೆ. ಎರಡು ಮೈಲಿ ಆಚೆ ನಿಲ್ಲಿಸಿದ ಕೋಟೆಗೆ ಪಕ್ಕದ ಮನೆಯ ಬಾಗಿಲಿನಷ್ಟು ಕಪ್ಪು ಕೊಟ್ಟುಬಿಡುತ್ತಾರೆ. ಕೋಟೆ ಆಟಿಕೆಯಂತೆ ಕಾಣುತ್ತದೆ. ನೋಡುವವರಿಗೆ ಕಾರಣ ಹೇಳಲು ಬರುವುದಿಲ್ಲ, ‘ಏನೋ ಸರಿಯಿಲ್ಲ’ ಎನ್ನುತ್ತಾರೆ, ಅಷ್ಟೆ.

ಬಯಲು ಸೀಮೆಯವರಿಗೂ ಪಾಠಕ್ಕೆ ಕೊರತೆಯಿಲ್ಲ. ಮೇಜಿನ ಮೇಲೆ ಒಂದು ಸ್ಟೀಲ್ ಲೋಟ ಇಟ್ಟು ಮೊಬೈಲಿನಲ್ಲಿ ಚಿತ್ರ ತೆಗೆಯಲಿ. ಲೋಟದ ನೆರಳು ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ತಳ ಮೇಜಿಗೆ ತಾಗುವಲ್ಲಿ ದಾರದಂಥ ಕಪ್ಪು ಗೆರೆ ಇರುತ್ತದೆ. ದೂರ ಹೋದಂತೆ ನೆರಳಿನ ಅಂಚು ಮಸುಕಾಗುತ್ತದೆ. ಆ ದಾರದಂಥ ಗೆರೆ ಇಲ್ಲದೆ ಬರೀ ದೊಡ್ಡ ನೆರಳನ್ನಷ್ಟೇ ಹಾಕಿದರೆ ಲೋಟ ಮೇಜಿನಿಂದ ಅರ್ಧ ಅಂಗುಲ ಮೇಲೆ ತೇಲುತ್ತದೆ. ರಾಕ್ಷಸನ ಕಾಲು ನೆಲಕ್ಕೆ ಊರಿದೆಯೋ ಇಲ್ಲವೋ ಎಂದು ತೀರ್ಮಾನಿಸುವುದು ಇದೇ ಗೆರೆ. ಲೋಟದ ಪಕ್ಕದಲ್ಲಿ ಕೆಂಪು ಬಟ್ಟೆ ಇಟ್ಟು ಮತ್ತೊಮ್ಮೆ ನೋಡಲಿ. ಲೋಟಕ್ಕೂ ಮೇಜಿಗೂ ಕೆಂಪು ಹತ್ತಿರುತ್ತದೆ. ಪ್ರತಿಯೊಂದು ವಸ್ತುವೂ ಪಕ್ಕದ್ದರ ಬಣ್ಣವನ್ನು ಸ್ವಲ್ಪ ಉಟ್ಟುಕೊಂಡೇ ಇರುತ್ತದೆ. ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ಐದೂವರೆಗೆ, ಟ್ಯೂಬ್‌ಲೈಟಿನ ಕೆಳಗೆ ಇದೇ ಲೋಟದ ಚಿತ್ರ ತೆಗೆದು ಒಂದು ತಿಂಗಳು ಹೋಲಿಸಿ ನೋಡಿದ ವಿದ್ಯಾರ್ಥಿ, ಆರು ತಿಂಗಳು ಬರೀ ಮೆನುಗಳನ್ನು ಕಲಿತವನಿಗಿಂತ ಮುಂದಿರುತ್ತಾನೆ.

ಪಿಯುಸಿ ಭೌತಶಾಸ್ತ್ರದಲ್ಲಿ ಬೆಳಕಿನ ಅಧ್ಯಾಯವನ್ನು ಪರೀಕ್ಷೆಗೆಂದು ಓದಿ ಮರೆಯುವ ಮಕ್ಕಳಿಗೆ ಅದು ಇಲ್ಲಿ ಅನ್ನ ಕೊಡುತ್ತದೆ. ಲೆನ್ಸ್, ಫೋಕಸ್, ಪ್ರತಿಫಲನ, ಚದುರುವಿಕೆ ಎಲ್ಲವೂ ದಿನಬಳಕೆಯ ಪದಗಳು.

ಕೈಗೆ ಬರಬೇಕಾದ ಕೆಲವು ಅಭ್ಯಾಸಗಳು

ಕಂಪ್ಯೂಟರಿನ ಚಿತ್ರದಲ್ಲಿ ಪ್ರತಿ ಬಿಂದುವಿಗೂ ಕೆಂಪು, ಹಸಿರು, ನೀಲಿ ಎಂದು ಮೂರು ಅಂಕಿಗಳಿರುತ್ತವೆ. ಇವುಗಳ ಜೊತೆಗೆ ‘ಆಲ್ಫಾ’ ಎಂಬ ನಾಲ್ಕನೆಯದನ್ನು ಇಟ್ಟುಕೊಳ್ಳುವ ಯೋಚನೆ 1970ರ ದಶಕದ ಕೊನೆಯಲ್ಲಿ ಎಡ್ ಕ್ಯಾಟ್‌ಮಲ್ ಮತ್ತು ಆಲ್ವಿ ರೇ ಸ್ಮಿತ್ ಅವರಿಗೆ ಹೊಳೆಯಿತು. ಈ ಬಿಂದು ಎಷ್ಟು ಪಾಲು ತುಂಬಿದೆ, ಎಷ್ಟು ಪಾಲು ಪಾರದರ್ಶಕ ಎಂದು ಹೇಳುವುದು ಆಲ್ಫಾ. ಒಂದು ಎಂದರೆ ಪೂರ್ತಿ ಮುಚ್ಚಿದೆ, ಸೊನ್ನೆ ಎಂದರೆ ಖಾಲಿ, ನಡುವಿನವು ಕೂದಲು, ಹೊಗೆ, ಗಾಜಿನಂಥವು. 1984ರಲ್ಲಿ ಲ್ಯೂಕಾಸ್ ಫಿಲ್ಮ್ ಸಂಸ್ಥೆಯ ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ ಪ್ರಕಟಿಸಿದ ಪ್ರಬಂಧ ಈ ನಾಲ್ಕು ಅಂಕಿಗಳಿಂದ ಚಿತ್ರಗಳನ್ನು ಕೂಡಿಸುವ ಲೆಕ್ಕವನ್ನು ಕೊಟ್ಟಿತು. ಮುಂದಿನ ಚಿತ್ರದ ಬಣ್ಣ ಅದರ ಆಲ್ಫಾದಿಂದ ಮೊದಲೇ ಗುಣಿಸಿರಬೇಕು, ಹಿಂದಿನ ಚಿತ್ರವನ್ನು ಒಂದರಿಂದ ಆಲ್ಫಾ ಕಳೆದುಳಿದ ಅಂಕಿಯಿಂದ ಗುಣಿಸಬೇಕು, ಎರಡನ್ನೂ ಕೂಡಬೇಕು. ಹೈಸ್ಕೂಲಿನ ಲೆಕ್ಕ. ಇಂದಿಗೂ ಎಲ್ಲ ತಂತ್ರಾಂಶಗಳ ಹೊಟ್ಟೆಯೊಳಗಿರುವುದು ಇದೇ.

ಈ ‘ಮೊದಲೇ ಗುಣಿಸಿರಬೇಕು’ ಎಂಬ ಮಾತಿನಲ್ಲೇ ಹೊಸಬರು ಜಾರುವುದು. ಹಾಗೆ ಗುಣಿಸಿದ ಚಿತ್ರದ ಬಣ್ಣವನ್ನು ನೇರವಾಗಿ ತಿದ್ದಿದರೆ ಅಂಚಿನಲ್ಲಿ ಕಪ್ಪು ಅಥವಾ ಬಿಳಿ ಗೆರೆ ಏಳುತ್ತದೆ. ಮೊದಲು ಆಲ್ಫಾದಿಂದ ಭಾಗಿಸಿ, ಬಣ್ಣ ತಿದ್ದಿ, ಮತ್ತೆ ಗುಣಿಸಬೇಕು. ಗೆರೆ ಕಂಡೊಡನೆ ಅದನ್ನು ಮಸುಕು ಮಾಡಿ ಮುಚ್ಚಲು ಹೊರಡುವವರೇ ಹೆಚ್ಚು. ಕಾರಣವನ್ನು ಹುಡುಕಿದವನಿಗೆ ಒಂದು ನಿಮಿಷದ ಕೆಲಸ, ಮುಚ್ಚಲು ಹೋದವನಿಗೆ ಒಂದು ದಿನದ್ದು.

ಇನ್ನೊಂದು ಅಡಿಪಾಯ ‘ಲೀನಿಯರ್’ ಬೆಳಕು. ಕೋಣೆಯಲ್ಲಿ ಉರಿಯುವ ಒಂದು ಬಲ್ಬಿನ ಪಕ್ಕ ಅಂಥದೇ ಇನ್ನೊಂದನ್ನು ಹೊತ್ತಿಸಿದರೆ ಬೆಳಕು ಎರಡರಷ್ಟಾಗುತ್ತದೆ, ಕಣ್ಣಿಗೆ ಮಾತ್ರ ಎರಡರಷ್ಟೆನಿಸುವುದಿಲ್ಲ. ಪರದೆಗಾಗಿ ತಯಾರಾದ ಸಾಮಾನ್ಯ ಚಿತ್ರಗಳ ಅಂಕಿಗಳು ಕಣ್ಣಿನ ಲೆಕ್ಕಕ್ಕೆ ಸರಿಹೊಂದುವಂತೆ ಬಾಗಿರುತ್ತವೆ. ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ 18 ಪಾಲನ್ನು ಮರಳಿಸುವ ಬೂದು ಕಾಗದ ಇಂಥ ಚಿತ್ರದಲ್ಲಿ ನೂರಕ್ಕೆ 46ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಈ ಬಾಗಿದ ಅಂಕಿಗಳನ್ನೇ ಕೂಡಿಸಿ ಗುಣಿಸಿದರೆ ದೀಪದ ಪ್ರಭೆ, ಮಸುಕು, ಪ್ರತಿಬಿಂಬ ಎಲ್ಲವೂ ಸುಳ್ಳಾಗುತ್ತವೆ. ಆದ್ದರಿಂದ ಸ್ಟುಡಿಯೊಗಳಲ್ಲಿ ಚಿತ್ರಗಳನ್ನು ನಿಜವಾದ ಬೆಳಕಿನ ಅಳತೆಗೆ ತಿರುಗಿಸಿಕೊಂಡು ಕೆಲಸ ಮಾಡುತ್ತಾರೆ. 2003ರಲ್ಲಿ ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್ ಸಂಸ್ಥೆ ಎಲ್ಲರಿಗೂ ಬಿಟ್ಟುಕೊಟ್ಟ ‘ಓಪನ್ ಇಎಕ್ಸ್‌ಆರ್’ ಕಡತಗಳು ಇದಕ್ಕೆಂದೇ ಇವೆ. ಇದನ್ನು ಮೊದಲ ತಿಂಗಳಲ್ಲೇ ಹೇಳಿಕೊಡದ ಕೋರ್ಸಿನ ಬಗ್ಗೆ ಹೆತ್ತವರು ಅನುಮಾನಪಟ್ಟರೆ ತಪ್ಪಿಲ್ಲ.

ಇನ್ನು ಪರದೆಯ ವಿಷಯ. ನೀಲಿ ಹೋಗಿ ಹಸಿರು ಬಂದದ್ದೇಕೆ ಎಂದು ಮಕ್ಕಳು ಕೇಳುತ್ತಾರೆ. ಸಾಮಾನ್ಯ ಡಿಜಿಟಲ್ ಕ್ಯಾಮೆರಾಗಳ ಸಂವೇದಕದಲ್ಲಿ ಪ್ರತಿ ನಾಲ್ಕು ಬಿಂದುಗಳಲ್ಲಿ ಎರಡು ಹಸಿರಿಗೆ, ಒಂದೊಂದು ಕೆಂಪು ಮತ್ತು ನೀಲಿಗೆ ಮೀಸಲು. ಹೀಗಾಗಿ ಹಸಿರು ಹೆಚ್ಚು ಶುದ್ಧವಾಗಿ ಸಿಗುತ್ತದೆ, ಪರದೆಗೆ ಕಡಿಮೆ ದೀಪ ಸಾಕಾಗುತ್ತದೆ. ನಾಯಕಿ ಹಸಿರು ಸೀರೆ ಉಟ್ಟಿದ್ದರೆ ಮಾತ್ರ ಮತ್ತೆ ನೀಲಿಯೇ ಗತಿ. ಪರದೆಯನ್ನು ಬೇರ್ಪಡಿಸುವ ಈ ಕೆಲಸಕ್ಕೆ ‘ಕೀಯಿಂಗ್’ ಎನ್ನುತ್ತಾರೆ. ಒಂದೇ ಗುಂಡಿ ಒತ್ತಿ ಇಡೀ ಮನುಷ್ಯನನ್ನು ಹೊರತೆಗೆಯಲು ಹೋಗುವುದು ಹೊಸಬರ ಲಕ್ಷಣ. ನುರಿತವರು ಮೈಯ ಒಳಭಾಗಕ್ಕೆ ಒಂದು ಗಟ್ಟಿಯಾದ ಕೀ, ಕೂದಲಿಗೆ ಇನ್ನೊಂದು ಮೃದುವಾದದ್ದು, ಅಲುಗಾಡಿ ಮಸುಕಾದ ಕೈಗೆ ಮತ್ತೊಂದು ಎಂದು ಬೇರೆ ಬೇರೆ ಮಾಡಿ ಕೊನೆಗೆ ಸೇರಿಸುತ್ತಾರೆ. ಕೀ ತೆಗೆಯಲು ಸದ್ದುಗದ್ದಲ, ಅಂದರೆ ಚಿತ್ರದ ಕಣಕಣ ನಡುಕ, ಕಡಿಮೆ ಮಾಡಿದ ಪ್ರತಿಯನ್ನು ಬಳಸಿ, ಬಣ್ಣಕ್ಕೆ ಮಾತ್ರ ಮೂಲ ಚಿತ್ರವನ್ನೇ ಇಟ್ಟುಕೊಳ್ಳುವುದು ಒಳ್ಳೆಯ ಉಪಾಯ. ಕೆನ್ನೆ, ಭುಜಗಳ ಮೇಲೆ ಪರದೆಯಿಂದ ಪ್ರತಿಫಲಿಸಿದ ಹಸಿರು ಉಳಿದಿರುತ್ತದೆ. ಅದನ್ನು ತೆಗೆದು, ಹೊಸ ಹಿನ್ನೆಲೆಯ ಬಣ್ಣವನ್ನು ಅಷ್ಟೇ ಸೂಕ್ಷ್ಮವಾಗಿ ಆ ಜಾಗಕ್ಕೆ ಕೊಡಬೇಕು. ಲೋಟದ ಪಕ್ಕದ ಕೆಂಪು ಬಟ್ಟೆ ಇಲ್ಲಿ ನೆನಪಾಗಬೇಕು.

ಪರದೆಯೇ ಇಲ್ಲದ ದೃಶ್ಯಗಳಲ್ಲಿ ಆಕೃತಿಯನ್ನು ಕೈಯಿಂದ ಗೆರೆ ಎಳೆದು ಬೇರ್ಪಡಿಸುವುದು ‘ರೋಟೊ’. ಸೆಕೆಂಡಿಗೆ 24 ಚೌಕಟ್ಟು. ಐದು ಸೆಕೆಂಡಿನ ದೃಶ್ಯಕ್ಕೆ 120. ಪ್ರತಿ ಚೌಕಟ್ಟಿನಲ್ಲೂ ಹೊಸದಾಗಿ ಗೆರೆ ಎಳೆದರೆ ಅಂಚು ನಡುಗುತ್ತದೆ. ಇಡೀ ಮನುಷ್ಯನಿಗೆ ಒಂದೇ ಗೆರೆ ಬೇಡ. ತಲೆ, ತೋಳು, ಮುಂಗೈ, ಅಂಗೈ ಎಂದು ಬಿಡಿಸಿಕೊಂಡು, ಪ್ರತಿಯೊಂದಕ್ಕೂ ಆದಷ್ಟು ಕಡಿಮೆ ಬಿಂದುಗಳನ್ನು ಇಟ್ಟು, ಚಲನೆ ದಿಕ್ಕು ಬದಲಿಸುವ ಚೌಕಟ್ಟುಗಳಲ್ಲಿ ಮೊದಲು ಸರಿಮಾಡಬೇಕು. ಆಮೇಲೆ ಅವುಗಳ ನಡುಮಧ್ಯ, ಆಮೇಲೆ ಅದರ ನಡುಮಧ್ಯ. ನಡೆಯುವ ಮನುಷ್ಯನಾದರೆ ಕಾಲು ನೆಲ ಮುಟ್ಟುವ ಗಳಿಗೆ ಮತ್ತು ಮೇಲೇಳುವ ಗಳಿಗೆ. ಮೂಳೆ ಎಲ್ಲಿ ಬಾಗುತ್ತದೆ ಎಂಬುದು ಗೊತ್ತಿರಬೇಕಾದ್ದರಿಂದ ಚಿತ್ರಕಲೆಯಲ್ಲಿ ಅಂಗರಚನೆ ಅಭ್ಯಾಸ ಮಾಡಿದವರಿಗೆ ಇದು ಬೇಗ ಒಲಿಯುತ್ತದೆ. ಬೇಸರ ಹಿಡಿಸುವ ಕೆಲಸವೇನೋ ಹೌದು. ಆದರೆ ದೃಶ್ಯವೊಂದನ್ನು ಚೌಕಟ್ಟು ಚೌಕಟ್ಟಾಗಿ ನೋಡುವ ತಾಳ್ಮೆ ಬರುವುದು ಇದರಿಂದಲೇ.

ಕೆಲಸ ಮುಗಿಯಿತೆನಿಸಿದಾಗ ಪರೀಕ್ಷಿಸುವ ಕ್ರಮಗಳು ಹಲವಾರಿವೆ. ಕೆಂಪು, ಹಸಿರು, ನೀಲಿಗಳನ್ನು ಒಂದೊಂದಾಗಿ ಕಪ್ಪುಬಿಳುಪಿನಲ್ಲಿ ನೋಡುವುದು ಎಲ್ಲಕ್ಕಿಂತ ಉಪಯುಕ್ತ. ಬಣ್ಣದಲ್ಲಿ ಹೊಂದಿಕೊಂಡಂತೆ ಕಂಡದ್ದು ನೀಲಿಯೊಂದರಲ್ಲೇ ನೋಡಿದಾಗ ಬೇರೆ ನಿಂತಿರುತ್ತದೆ. ನೋಡುವ ಕಿಟಕಿಯ ಹೊಳಪನ್ನು ವಿಪರೀತ ಏರಿಸಿದರೆ ಕತ್ತಲಲ್ಲಿ ಅಡಗಿದ ಅಂಚು ಹೊರಬೀಳುತ್ತದೆ. ಬಹಳ ಇಳಿಸಿದರೆ ದೀಪ, ಆಕಾಶಗಳ ತಪ್ಪು ಕಾಣುತ್ತದೆ. ಎಡಬಲ ಅದಲುಬದಲು ಮಾಡಿ ನೋಡಿದರೆ ಕಣ್ಣು ಹೊಸದಾಗುತ್ತದೆ. ನಿಂತ ಚಿತ್ರದಲ್ಲಿ ತೃಪ್ತಿಪಡದೆ ಪೂರ್ತಿ ವೇಗದಲ್ಲಿ ಓಡಿಸಿ ನೋಡಬೇಕು. ಮತ್ತೆ ಕಣಗಳ ಮಾತು: ಕ್ಯಾಮೆರಾದಿಂದ ಬಂದ ಚಿತ್ರದಲ್ಲಿ ಸದಾ ಸಣ್ಣ ಕಣಗಳ ಚಲನೆ ಇರುತ್ತದೆ. ಕಂಪ್ಯೂಟರಿನಲ್ಲಿ ಹುಟ್ಟಿದ ಹುಲಿಗೆ ಅದಿಲ್ಲ. ಕೊನೆಯಲ್ಲಿ ಆ ಕಣಗಳನ್ನು ಹುಲಿಗೂ ಹೊದಿಸದಿದ್ದರೆ ಉಳಿದದ್ದೆಲ್ಲ ಸರಿಯಿದ್ದರೂ ಅದು ಅಂಟಿಸಿದ ಸ್ಟಿಕರಿನಂತೆ ಹೊಳೆಯುತ್ತದೆ.

ಯಾವ ತಂತ್ರಾಂಶ, ಎಷ್ಟು ಖರ್ಚು?

ಕಲಿಕೆಯ ಹಂತದಲ್ಲಿ ತಂತ್ರಾಂಶಕ್ಕೆ ಒಂದು ರೂಪಾಯಿಯನ್ನೂ ಕೊಡಬೇಕಾಗಿಲ್ಲ. ನ್ಯೂಕ್‌ಗೆ ವಾಣಿಜ್ಯೇತರ ಬಳಕೆಯ ಉಚಿತ ಆವೃತ್ತಿಯಿದೆ. ಅದರಿಂದ ಹೊರಬರುವ ಚಿತ್ರ 1920×1080 ಅಳತೆಯನ್ನು ಮೀರುವಂತಿಲ್ಲ, ಅಭ್ಯಾಸಕ್ಕೆ ಅದು ಧಾರಾಳ. ‘ಫ್ಯೂಷನ್’ ಎಂಬ ಹಳೆಯ, ಗಟ್ಟಿಯಾದ ಕಾಂಪೋಸಿಟಿಂಗ್ ತಂತ್ರಾಂಶ 2014ರಲ್ಲಿ ಬ್ಲ್ಯಾಕ್‌ಮ್ಯಾಜಿಕ್ ಕಂಪೆನಿಯ ಕೈಸೇರಿ, 2018ರಿಂದ ‘ಡಾವಿಂಚಿ ರಿಸಾಲ್ವ್’ನ ಒಂದು ಭಾಗವಾಗಿದೆ, ಅದರ ಉಚಿತ ಆವೃತ್ತಿಯಲ್ಲೂ ಸಿಗುತ್ತದೆ. ಬ್ಲೆಂಡರ್ ಸಂಪೂರ್ಣ ಉಚಿತ, ಮುಕ್ತ ತಂತ್ರಾಂಶ. ಮೂರು ಆಯಾಮದ ಕೆಲಸದ ಜೊತೆಗೆ ಕಾಂಪೋಸಿಟಿಂಗ್ ಕೂಡ ಅದರಲ್ಲಿದೆ. ಜಾಹೀರಾತು, ಟೀವಿ ಶೀರ್ಷಿಕೆಗಳ ಕಡೆ ಒಲವಿರುವವರು ಆಫ್ಟರ್ ಎಫೆಕ್ಟ್ಸ್ ಕಲಿಯಬಹುದು, ಅದಕ್ಕೆ ತಿಂಗಳ ಚಂದಾ ಇದೆ. ರೋಟೊಗೆ ಸಿಲ್ಹೌಟ್, ಚಲನೆಯನ್ನು ಹಿಂಬಾಲಿಸಲು ಮೋಕಾ ಸ್ಟುಡಿಯೊಗಳಲ್ಲಿ ಬಳಕೆಯಲ್ಲಿವೆ. ಇವನ್ನು ಕೆಲಸಕ್ಕೆ ಸೇರಿದ ಮೇಲೆ ಕಲಿತರೂ ಸಾಕು. ಇಷ್ಟೆಲ್ಲ ಉಚಿತವಾಗಿರುವಾಗ ಪಕ್ಕದ ಅಂಗಡಿಯಿಂದ ಕದ್ದ ಪ್ರತಿ ಹಾಕಿಸಿಕೊಳ್ಳುವುದು ಕಾನೂನಿಗೂ ವಿರುದ್ಧ, ಬುದ್ಧಿಗೂ ವಿರುದ್ಧ.

ಕಂಪ್ಯೂಟರಿಗೆ 16 ಜಿಬಿ ಮೆಮೊರಿ ಇದ್ದರೆ ಆರಂಭಿಸಬಹುದು, 32 ಇದ್ದರೆ ನೆಮ್ಮದಿ. ಗೇಮಿಂಗ್ ಹುಡುಗರಂತೆ ಗ್ರಾಫಿಕ್ಸ್ ಕಾರ್ಡಿಗೇ ಎಲ್ಲ ಹಣ ಸುರಿಯದೆ ಬಣ್ಣವನ್ನು ನಿಷ್ಠೆಯಿಂದ ತೋರಿಸುವ ಮಾನಿಟರಿಗೆ ಸ್ವಲ್ಪ ಉಳಿಸುವುದು ಮೇಲು. ಕಿಟಕಿಯ ಬಿಸಿಲು ಪರದೆಗೆ ಬೀಳಬಾರದು, ಹಿಂದಿನ ಗೋಡೆ ಗಾಢ ಬಣ್ಣದ್ದಾಗಿರಬಾರದು. ಪುಸ್ತಕ ಬೇಕೆನ್ನುವವರಿಗೆ ರಾನ್ ಬ್ರಿಂಕ್‌ಮನ್ ಮತ್ತು ಸ್ಟೀವ್ ರೈಟ್ ಅವರ ಗ್ರಂಥಗಳು ಬಹುಕಾಲದಿಂದ ಆಧಾರ. ಬ್ರಿಂಕ್‌ಮನ್ ಪುಸ್ತಕ ಮೊದಲು ಬಂದದ್ದು 1999ರಲ್ಲಿ. ಅದರ ತತ್ವಭಾಗ ಇನ್ನೂ ಹಳತಾಗಿಲ್ಲ.

ಹೆತ್ತವರಿಗೆ ಕಹಿಯಾದರೂ ಹೇಳಬೇಕಾದ್ದು

2013ರ ಫೆಬ್ರುವರಿಯಲ್ಲಿ ‘ಲೈಫ್ ಆಫ್ ಪೈ’ ಚಿತ್ರಕ್ಕೆ ವಿಷುಯಲ್ ಎಫೆಕ್ಟ್ಸ್ ಆಸ್ಕರ್ ಬಂತು. ದೋಣಿಯಲ್ಲಿನ ಆ ಹುಲಿಯನ್ನು ರೂಪಿಸಿದ ರಿದಮ್ ಅಂಡ್ ಹ್ಯೂಸ್ ಸಂಸ್ಥೆ ಅದೇ ತಿಂಗಳು ದಿವಾಳಿ ಅರ್ಜಿ ಹಾಕಿತ್ತು. ಮುಂಬೈ, ಹೈದರಾಬಾದುಗಳಲ್ಲೂ ಅದರ ಶಾಖೆಗಳಿದ್ದವು. 2025ರ ಫೆಬ್ರುವರಿಯಲ್ಲಿ ಫ್ರಾನ್ಸಿನ ಟೆಕ್ನಿಕಲರ್ ಸಮೂಹ ಕುಸಿದಾಗ ಬೆಂಗಳೂರಿನಲ್ಲಿ ಅದರಡಿ ದುಡಿಯುತ್ತಿದ್ದ ಕಲಾವಿದರು ಏಕಾಏಕಿ ಬೀದಿಗೆ ಬಂದರು. ಕೆಲಸ ಚೆನ್ನಾಗಿರಲಿಲ್ಲ ಎಂಬ ಕಾರಣಕ್ಕೆ ನಡೆದದ್ದಲ್ಲ ಇವು. ದೃಶ್ಯಕ್ಕೆ ಇಷ್ಟು ಎಂದು ಮೊದಲೇ ದರ ಒಪ್ಪಿಕೊಂಡು, ನಿರ್ಮಾಪಕರು ಬಯಸಿದಷ್ಟು ಸಲ ತಿದ್ದಿಕೊಡುವ ಪದ್ಧತಿಯಲ್ಲಿ ಲಾಭದ ಅಂಚು ಬಹಳ ತೆಳು. ಆದ್ದರಿಂದ ಈ ಉದ್ಯೋಗ ಸರಕಾರಿ ನೌಕರಿಯಂತೆ ಭದ್ರ ಎಂದು ಯಾರಾದರೂ ಹೇಳಿದರೆ ನಂಬಬಾರದು. ಎಷ್ಟೋ ಕಡೆ ಒಂದು ಚಿತ್ರ ಮುಗಿಯುವವರೆಗಿನ ಒಪ್ಪಂದ ಮಾತ್ರ ಇರುತ್ತದೆ.

ಎರಡನೆಯ ಸಂಗತಿ ಯಂತ್ರಗಳದು. ಇದುವರೆಗೆ ನಮ್ಮ ದೇಶದ ಹೊಸಬರಿಗೆ ಮೊದಲ ಮೆಟ್ಟಿಲಾಗಿದ್ದುದು ರೋಟೊ ಮತ್ತು ತಂತಿ, ಗುರುತುಗಳನ್ನು ಅಳಿಸುವ ಕೆಲಸ. ಹೊರದೇಶದ ಚಿತ್ರಗಳಿಂದ ಅದು ರಾಶಿರಾಶಿಯಾಗಿ ಬರುತ್ತಿತ್ತು. 2021ರಲ್ಲಿ ನ್ಯೂಕ್‌ಗೆ ‘ಕಾಪಿಕ್ಯಾಟ್’ ಎಂಬ ಸಾಧನ ಸೇರಿತು. ಕಲಾವಿದ ಕೆಲವೇ ಚೌಕಟ್ಟುಗಳಲ್ಲಿ ಮಾಡಿ ತೋರಿಸಿದ್ದನ್ನು ನೋಡಿ ಉಳಿದವಕ್ಕೆ ತಾನೇ ಮಾಡಿಕೊಡುವ ಸಾಧನ ಅದು. ಅಂಥವು ಈಗ ಹೆಚ್ಚುತ್ತಿವೆ. ಮೊದಲ ಮೆಟ್ಟಿಲು ಕಿರಿದಾಗುತ್ತಿದೆ. ಬರೀ ಗೆರೆ ಎಳೆಯಲು ಕಲಿಸುವ ಕೋರ್ಸಿಗೆ ಲಕ್ಷಗಟ್ಟಲೆ ಸಾಲ ಮಾಡುವುದು ಇಂದು ಜಾಣತನವಲ್ಲ. ಯಂತ್ರ ಎಳೆದ ಗೆರೆ ಕೂದಲಿನ ಬಳಿ ನಡುಗುತ್ತಿದೆಯೇ, ಹಿಂದಿನ ಬೆಟ್ಟದ ಕಪ್ಪು ಹೆಚ್ಚಾಯಿತೇ ಎಂದು ಕಂಡು ತಿದ್ದುವ ಕಣ್ಣು ಬೇರೆ. ಅದಕ್ಕೆ ಇನ್ನೂ ಬೇಡಿಕೆಯಿದೆ. ವಿಜ್ಞಾನ ಓದಿದವರು ಇದರ ಜೊತೆಗೆ ಪೈಥಾನ್ ಕಲಿತರೆ ಬೇಡಿಕೆ ಇನ್ನೂ ಹೆಚ್ಚು. ನ್ಯೂಕ್ ಮೊದಲಾದ ತಂತ್ರಾಂಶಗಳ ಒಳಗೆ ಸಣ್ಣಪುಟ್ಟ ಸಲಕರಣೆಗಳನ್ನು ಬರೆಯುವುದು ಅದರಲ್ಲೇ.

ಕರ್ನಾಟಕ ಸರಕಾರ 2012ರಲ್ಲೇ ಅನಿಮೇಷನ್, ವಿಷುಯಲ್ ಎಫೆಕ್ಟ್ಸ್, ಗೇಮಿಂಗ್ ಕ್ಷೇತ್ರಕ್ಕೆಂದು ನೀತಿ ರೂಪಿಸಿತು. 2024ರಿಂದ 2029ರವರೆಗಿನ ಹೊಸ ನೀತಿಯೂ ಬಂದಿದೆ. ನೀತಿಪತ್ರ ಕೆಲಸ ಕೊಡುವುದಿಲ್ಲ, ನಿಜ. ಆದರೆ ಖಾಸಗಿ ಕೇಂದ್ರದ ಕರಪತ್ರ ನೋಡಿ ತೀರ್ಮಾನಿಸುವ ಮುನ್ನ ಹೆಸರಘಟ್ಟದ ಸರಕಾರಿ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆಯ ಛಾಯಾಗ್ರಹಣ ಡಿಪ್ಲೊಮಾ, ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜು, ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಕಾಲೇಜುಗಳ ಕಡೆಗೂ ಒಮ್ಮೆ ಹೋಗಿ ವಿಚಾರಿಸುವುದು ಲೇಸು. ಕ್ಯಾಮೆರಾ ಅಥವಾ ಕುಂಚ ಹಿಡಿದು ಕಣ್ಣು ಪಳಗಿದವರಿಗೆ ತಂತ್ರಾಂಶ ಕಲಿಯುವುದು ಉಳಿದ ಅರ್ಧ ಮಾತ್ರ. ಖಾಸಗಿ ಕೇಂದ್ರಕ್ಕೇ ಸೇರಿಸುವುದಾದರೆ ಕೇಳಬೇಕಾದ ಪ್ರಶ್ನೆಗಳು ಎರಡು. ಪಾಠ ಹೇಳುವವರು ಸ್ಟುಡಿಯೊದಲ್ಲಿ ಎಷ್ಟು ವರ್ಷ ಕೆಲಸ ಮಾಡಿದ್ದಾರೆ? ಕಳೆದ ತಂಡದ ವಿದ್ಯಾರ್ಥಿಗಳ ಷೋರೀಲ್ ತೋರಿಸುತ್ತೀರಾ? ಎರಡನೆಯದಕ್ಕೆ ಹಿಂದೆಮುಂದೆ ನೋಡಿದರೆ ಎದ್ದು ಬರಬಹುದು.

ಷೋರೀಲ್ ಎಂದರೆ ಅಭ್ಯರ್ಥಿ ತಾನು ಮಾಡಿದ ಕೆಲಸವನ್ನು ತೋರಿಸುವ ಕಿರುಚಿತ್ರ. ಈ ಕ್ಷೇತ್ರದಲ್ಲಿ ಅಂಕಪಟ್ಟಿಗಿಂತ ಅದಕ್ಕೇ ಬೆಲೆ. ಒಂದರಿಂದ ಒಂದೂವರೆ ನಿಮಿಷ ಸಾಕು. ಅತ್ಯುತ್ತಮವಾದದ್ದು ಮೊದಲು ಬರಬೇಕು, ಏಕೆಂದರೆ ನೋಡುವವರು ಕೊನೆಯವರೆಗೆ ಕಾಯುವುದಿಲ್ಲ. ನಾಲ್ಕು ಒಳ್ಳೆಯ ದೃಶ್ಯಗಳ ನಡುವೆ ಒಂದು ಕಳಪೆಯದು ಸೇರಿದರೆ ಉಳಿದ ನಾಲ್ಕರ ಮೇಲೂ ಅನುಮಾನ ಹುಟ್ಟುತ್ತದೆ. ಮೂಲ ಚಿತ್ರ ಹೇಗಿತ್ತು, ಏನೇನು ಸೇರಿತು ಎಂಬುದನ್ನು ಹಂತ ಹಂತವಾಗಿ ತೋರಿಸಬೇಕು. ಇದರಲ್ಲಿ ತಾನು ಮಾಡಿದ್ದು ಯಾವುದು ಎಂದು ಬರೆದಿರಬೇಕು. ಸಹಪಾಠಿಯ ಹುಲಿಯನ್ನು ತನ್ನದೆಂದು ತೋರಿಸಿದವನು ಸಂದರ್ಶನದಲ್ಲಿ ಎರಡನೆಯ ಪ್ರಶ್ನೆಗೇ ಸಿಕ್ಕಿಬೀಳುತ್ತಾನೆ. ಕೆಲಸಕ್ಕೆ ಸೇರಿದ ಮೇಲಂತೂ ಸ್ಟುಡಿಯೊದ ಅನುಮತಿಯಿಲ್ಲದೆ, ಚಿತ್ರ ಬಿಡುಗಡೆಯಾಗದೆ, ಒಂದು ಚೌಕಟ್ಟನ್ನೂ ಹೊರಗೆ ತೋರಿಸುವಂತಿಲ್ಲ.

ಹಸಿರು ಪರದೆಯ ಮುಂದೆ ವೃತ್ತಿಪರರು ತೆಗೆದ ದೃಶ್ಯಗಳು ಅಭ್ಯಾಸಕ್ಕೆ ಎಲ್ಲಿ ಸಿಗುತ್ತವೆ ಎಂಬುದು ಹಳ್ಳಿಯ, ಸಣ್ಣ ಊರುಗಳ ಮಕ್ಕಳ ದೊಡ್ಡ ಚಿಂತೆ. ನೆದರ್ಲೆಂಡ್ಸ್‌ನ ಬ್ಲೆಂಡರ್ ಪ್ರತಿಷ್ಠಾನ 2012ರಲ್ಲಿ ತಯಾರಿಸಿದ ‘ಟಿಯರ್ಸ್ ಆಫ್ ಸ್ಟೀಲ್’ ಎಂಬ ಕಿರುಚಿತ್ರದ ಮೂಲ ದೃಶ್ಯಗಳನ್ನು ಎಲ್ಲರ ಉಪಯೋಗಕ್ಕೆ ಬಿಟ್ಟಿದ್ದಾರೆ. ಹಸಿರು ಪರದೆ, ಅಲುಗುವ ಕ್ಯಾಮೆರಾ, ಗಾಳಿಗೆ ಹಾರುವ ಕೂದಲು ಎಲ್ಲವೂ ಅದರಲ್ಲಿವೆ. ಹಣ ಕೊಡಬೇಕಾಗಿಲ್ಲ. ಷೋರೀಲಿನಲ್ಲಿ ಬಳಸಿದರೆ ದೃಶ್ಯ ಯಾರದೆಂದು ಒಂದು ಸಾಲು ನಮೂದಿಸಬೇಕು, ಅಷ್ಟೆ. ಕಡತಗಳು ಬಹಳ ಭಾರ. ಒಂದೊಂದೇ ದೃಶ್ಯವನ್ನು ರಾತ್ರಿ ಇಳಿಸಿಕೊಳ್ಳಲು ಹಚ್ಚಿ ಮಲಗುವುದು ಅನುಕೂಲ.